ಪಪ್ಪಾಯಿ, ಡ್ರೈ ಐಸ್ ಮತ್ತು ಒಂದು ತಕ್ಕಡಿ

ವಿಜ್ಞಾನ ಮೇಳದಲ್ಲಿ ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಇಟ್ಟ ಮೇಜಿನ ಮುಂದೆ ಜನ ಮುಗಿಬೀಳುತ್ತಾರೆ. ಬಿಸಿನೀರಿಗೆ ಎರಡು ತುಂಡು ಹಾಕಿದರೆ ಪೌರಾಣಿಕ ನಾಟಕದ ಇಂದ್ರಸಭೆಯಂತೆ ಬಿಳಿ ಹೊಗೆ ಹರಿಯುತ್ತದೆ. ತೀರ್ಪುಗಾರರು ಬಂದು ‘ಇದರಿಂದ ಏನು ಕಂಡುಕೊಂಡೆ?’ ಎಂದಾಗ ಹುಡುಗ ಮೇಷ್ಟ್ರ ಮುಖ ನೋಡುತ್ತಾನೆ. ಹೊಗೆ ತೋರಿಸಿದ್ದಾಯಿತು, ಅಳೆದದ್ದು ಏನೂ ಇಲ್ಲ.

ಹಾಗಾಗದಿರಲು ಮೊದಲು ಒಂದು ಪ್ರಶ್ನೆ ಬೇಕು. ಫ್ರೀಜರಿನಲ್ಲಿಟ್ಟ ಪಪ್ಪಾಯಿ ಹೊರಗೆ ತೆಗೆದ ಮೇಲೆ ಮೆತ್ತಗಾಗಿ ನೀರು ಬಿಡುವುದನ್ನು ನೋಡಿರುತ್ತೀರಿ. ಹಣ್ಣು ನಿಧಾನವಾಗಿ ಹೆಪ್ಪುಗಟ್ಟಿದರೆ ಅದರೊಳಗಿನ ನೀರು ದೊಡ್ಡ ಹರಳುಗಳಾಗಿ ಬೆಳೆದು ಜೀವಕೋಶಗಳ ಗೋಡೆಯನ್ನು ಹರಿದುಹಾಕುತ್ತದೆ. ಬೇಗ ಹೆಪ್ಪುಗಟ್ಟಿದರೆ ಹರಳು ಸಣ್ಣದು, ಹಾನಿಯೂ ಕಡಿಮೆ. ನೂರು ವರ್ಷಗಳ ಹಿಂದೆ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ, ಕೆನಡಾದ ಲ್ಯಾಬ್ರಡಾರ್‌ನ ಕೊರೆಯುವ ಗಾಳಿಯಲ್ಲಿ ಅಲ್ಲಿನ ಮೂಲನಿವಾಸಿ ಇನುಯಿಟ್ ಜನ ಹಿಡಿದ ಮೀನು ಕ್ಷಣದಲ್ಲಿ ಕಲ್ಲಾಗುವುದನ್ನೂ, ತಿಂಗಳುಗಳ ನಂತರ ಕರಗಿಸಿದರೂ ತಾಜಾ ರುಚಿ ಉಳಿಯುವುದನ್ನೂ ಕಂಡು, 1920ರ ದಶಕದಲ್ಲಿ ಅದನ್ನೇ ಉದ್ಯಮವಾಗಿ ಬೆಳೆಸಿದ. ಮನೆಯ ಫ್ರೀಜರ್ ಸುಮಾರು ಮೈನಸ್ 18 ಡಿಗ್ರಿ, ಡ್ರೈ ಐಸ್ ಮೈನಸ್ 78.5 ಡಿಗ್ರಿ. ನಮ್ಮ ಪ್ರಶ್ನೆ ಇಷ್ಟೇ: ಡ್ರೈ ಐಸಿನಲ್ಲಿ ಹೆಪ್ಪುಗಟ್ಟಿದ ಪಪ್ಪಾಯಿ, ಕರಗುವಾಗ ಕಡಿಮೆ ರಸ ಬಿಡುತ್ತದೆಯೇ?

ಬೇಕಾದದ್ದು ಹದವಾಗಿ ಹಣ್ಣಾದ ಒಂದೇ ಪಪ್ಪಾಯಿ (ಎರಡು ಹಣ್ಣು ಬೆರೆಸಿದರೆ ಲೆಕ್ಕ ಕೆಟ್ಟಿತು), 0.1 ಗ್ರಾಂ ತೋರಿಸುವ ತಕ್ಕಡಿ, 15 ಜಿಪ್ ಕವರ್, ಜರಡಿ, ಥರ್ಮೋಕೋಲ್ ಪೆಟ್ಟಿಗೆ, ದಪ್ಪ ಕೈಗವಸು, ಇಕ್ಕಳ, ಕಣ್ಣಿಗೆ ಕನ್ನಡಕ. ಡ್ರೈ ಐಸ್ 2 ಕೆ.ಜಿ. ಸಾಕು. ಅದನ್ನು ಪ್ರಯೋಗದ ದಿನವೇ ತನ್ನಿ. ಮನೆಯ ಫ್ರೀಜರಿನಲ್ಲಿ ಇಟ್ಟರೂ ಅದು ಉಳಿಯುವುದಿಲ್ಲ.

ಈಗ ಅಪಾಯದ ಮಾತು. ಇದನ್ನು ಅವಸರದಲ್ಲಿ ಓದಬೇಡಿ. ಒಂದು ಕೆ.ಜಿ. ಡ್ರೈ ಐಸ್ ಆವಿಯಾದರೆ 500 ಲೀಟರಿಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಬಿಗಿ ಮುಚ್ಚಳದ ಬಾಟಲಿಗೋ ಫ್ಲಾಸ್ಕಿಗೋ ಹಾಕಿದರೆ ಅದು ಬಾಂಬೇ ಸರಿ. ಈ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಆದ್ದರಿಂದ ಮುಚ್ಚಿದ ಕೋಣೆ ಬೇಡ, ಜಗಲಿಯೋ ತಾರಸಿಯೋ ಇರಲಿ. ಕಾರಿನಲ್ಲಿ ತರುವಾಗ ಕಿಟಕಿ ತೆರೆದಿರಲಿ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತಾಗುತ್ತದೆ. ಬಾಯಿಗಂತೂ ಹಾಕಲೇಬಾರದು: 2024ರ ಮಾರ್ಚಿನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಇದನ್ನು ಊಟದ ನಂತರದ ಬಾಯಿಶುದ್ಧಿ ಎಂದುಕೊಂಡು ತಿಂದವರು ರಕ್ತ ಕಾರಿ ಆಸ್ಪತ್ರೆ ಸೇರಿದರು. ಪ್ರಯೋಗದ ಉದ್ದಕ್ಕೂ ಪಕ್ಕದಲ್ಲಿ ಹಿರಿಯರೊಬ್ಬರು ಇರಲಿ. ಮೇಳದಲ್ಲಿ ಡ್ರೈ ಐಸಿಗೆ ಅನುಮತಿ ಇದೆಯೇ ಎಂದು ಮೊದಲೇ ಕೇಳಿ. ಇಲ್ಲದಿದ್ದರೂ ಫೋಟೊ ಮತ್ತು ಅಂಕಿಗಳಿಂದ ಕೆಲಸ ನಡೆಯುತ್ತದೆ.

ಸಂಜೆ ಶುರುಮಾಡಿ. ಪಪ್ಪಾಯಿಯನ್ನು 2 ಸೆಂ.ಮೀ. ಚೌಕದ ತುಂಡು ಮಾಡಿ, ಕವರಿಗೆ ಮೂರರಂತೆ ತೂಗಿ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಪ್ರತಿ ಕವರಿಗೂ ಸಂಖ್ಯೆ, ತೂಕ ಬರೆಯಿರಿ. ಕವರ್ ಬೇಕೇ ಬೇಕು. ಹಣ್ಣು ನೇರವಾಗಿ ತಾಗಿದರೆ ಅನಿಲ ಅದರ ನೀರಿನಲ್ಲಿ ಕರಗಿ ಹುಳಿಯಾಗುತ್ತದೆ, ಅದು ಬೇರೆಯೇ ಪ್ರಯೋಗ. ಡ್ರೈ ಐಸನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಪುಡಿಮಾಡಿ, ಪೆಟ್ಟಿಗೆಯಲ್ಲಿ ಹರಡಿ, ಐದು ಕವರ್ ಮಲಗಿಸಿ ಮೇಲೂ ಪುಡಿ ಹೊದಿಸಿ. ಮುಚ್ಚಳ ಸಡಿಲವಾಗಿರಲಿ. ಅದೇ ಹೊತ್ತಿಗೆ ಐದು ಕವರ್ ಫ್ರೀಜರಿಗೆ, ಇನ್ನೈದು ಫ್ರಿಜ್ಜಿನ ಕೆಳಗಿನ ತಟ್ಟೆಗೆ. ಹೆಪ್ಪುಗಟ್ಟದ ಈ ಐದನ್ನು ಮಕ್ಕಳು ಮರೆಯುವುದೇ ಹೆಚ್ಚು. ಹೆಚ್ಚಿದ ಹಣ್ಣು ಸುಮ್ಮನೆ ಇಟ್ಟರೂ ಸ್ವಲ್ಪ ರಸ ಬಿಡುತ್ತದಲ್ಲ, ಅದೆಷ್ಟು ಎಂದು ತಿಳಿಯದೆ ಉಳಿದ ಹೋಲಿಕೆಗೆ ಆಧಾರವಿಲ್ಲ.

ಅರ್ಧ ಗಂಟೆಯ ನಂತರ ಡ್ರೈ ಐಸಿನ ಕವರುಗಳನ್ನು ಇಕ್ಕಳದಿಂದ ತೆಗೆದು ಅದೇ ಫ್ರೀಜರಿಗೆ ಹಾಕಿ. ರಾತ್ರಿಯನ್ನು ಎರಡೂ ಗುಂಪಿನ ಕವರುಗಳು ಒಂದೇ ಫ್ರೀಜರಿನಲ್ಲಿ ಕಳೆದರೆ, ವ್ಯತ್ಯಾಸ ಉಳಿಯುವುದು ಹೆಪ್ಪುಗಟ್ಟಿದ ವೇಗದಲ್ಲಿ ಮಾತ್ರ.

ಬೆಳಿಗ್ಗೆ ಹದಿನೈದನ್ನೂ ಒಂದೇ ಮೇಜಿನ ಮೇಲೆ ಮೂರು ಗಂಟೆ ಬಿಡಿ. ಬಳಿಕ ಒಂದೊಂದನ್ನೇ ಜರಡಿಗೆ ಸುರಿದು, ಐದು ನಿಮಿಷ ಬಸಿದು, ತುಂಡುಗಳನ್ನು ತೂಗಿ. 24 ಗ್ರಾಂ ಇದ್ದದ್ದು 21.6 ಆದರೆ ನಷ್ಟ ಶೇ 10. ಐದೈದರ ಸರಾಸರಿ ತೆಗೆದು ಸ್ತಂಭಾಲೇಖ ಬರೆಯಿರಿ, ಜೊತೆಗೆ ಹದಿನೈದೂ ಅಂಕಿಗಳನ್ನು ಕೋಷ್ಟಕದಲ್ಲಿ ತೋರಿಸಿ. ಫಲಿತಾಂಶ ನೀವು ಅಂದುಕೊಂಡದ್ದಕ್ಕೆ ತಿರುಗುಮುರುಗಾಗಿ ಬಂದರೆ ತಿದ್ದಬೇಡಿ. ಹಣ್ಣು ಅತಿಯಾಗಿ ಮಾಗಿತ್ತೇ, ಕವರಿನೊಳಗೆ ಗಾಳಿ ಉಳಿದಿತ್ತೇ ಎಂದು ಹುಡುಕಿದ್ದನ್ನೇ ಬರೆಯಿರಿ. ನಾನು ತೀರ್ಪುಗಾರನಾದರೆ ಅದಕ್ಕೇ ಹೆಚ್ಚು ಅಂಕ. ಆ ತುಂಡುಗಳನ್ನು ಮಾತ್ರ ಯಾರಿಗೂ ತಿನ್ನಿಸಬೇಡಿ.

ಹೊಗೆಯ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಕಾರ್ಬನ್ ಡೈಆಕ್ಸೈಡ್ ಕಣ್ಣಿಗೆ ಕಾಣದು. ಕಾಣುವ ಬಿಳಿ, ಆ ಚಳಿಗೆ ಸಾಂದ್ರಗೊಂಡ ನೀರಿನ ಹನಿಗಳ ಮಂಜು.

ಉಳಿದ ಡ್ರೈ ಐಸನ್ನು ಸಿಂಕಿಗೆ ಸುರಿಯಬೇಡಿ, ಪೈಪು ಒಡೆದೀತು. ಮಕ್ಕಳು, ನಾಯಿ, ಬೆಕ್ಕು ಸುಳಿಯದ ತಾರಸಿಯಲ್ಲಿ ಮುಚ್ಚಳ ತೆಗೆದಿಟ್ಟು ಬನ್ನಿ. ಮರುದಿನ ಪೆಟ್ಟಿಗೆ ಖಾಲಿಯಾಗಿರುತ್ತದೆ. ತಳದಲ್ಲಿ ತೇವ ಕಂಡರೆ ಅದು ಗಾಳಿಯಿಂದ ಇಳಿದ ನೀರು. ಡ್ರೈ ಐಸ್ ಕರಗಿದ್ದಲ್ಲ.