ಅಲ್ಟ್ರಾ 5ರ ಪರದೆ: ಮೊದಲು ಬ್ಯಾಟರಿ, ಆಮೇಲೆ ರೆಸಲ್ಯೂಷನ್

ಸನ್ ಕಂಪನಿಯ ಹಳೆಯ ವರ್ಕ್‌ಸ್ಟೇಷನ್ ಕಂಪ್ಯೂಟರ್ ಅಲ್ಟ್ರಾ 5ಕ್ಕೆ ಈಗಿನ ಎಲ್‌ಸಿಡಿ ಮಾನಿಟರ್ ಜೋಡಿಸಿದಾಗ ‘ಔಟ್ ಆಫ್ ರೇಂಜ್’ ಎಂದು ಬಂದರೆ, ಬೋರ್ಡಿನ ವಿಡಿಯೊ ಚಿಪ್ ಸುಟ್ಟಿದೆ ಎಂದು ತೀರ್ಪು ಕೊಡುವವರೇ ಹೆಚ್ಚು. ನನ್ನ ಗೆಳೆಯರೂ ಹಾಗೆಯೇ ಹೇಳಿದ್ದರು. ಅದೇ ಯಂತ್ರದಲ್ಲಿ ಈಗ ಸನ್‌ನ ಆಪರೇಟಿಂಗ್ ಸಿಸ್ಟಮ್ ಸೋಲಾರಿಸ್ 8 ಬೂಟ್ ಆಗಿ, 1024×768ರಲ್ಲಿ ಅಕ್ಷರಗಳು ಚೊಕ್ಕವಾಗಿ ಕಾಣುತ್ತಿವೆ. ಸತ್ತಿದ್ದು ಚಿಪ್ ಅಲ್ಲ, ಎನ್‌ವಿ-ರ‍್ಯಾಮ್ (ಕರೆಂಟ್ ಇಲ್ಲದಾಗಲೂ ಸೆಟ್ಟಿಂಗ್‌ಗಳನ್ನು ನೆನಪಿಡುವ ಚಿಪ್) ಒಳಗಿನ ಬ್ಯಾಟರಿ.

ಯಂತ್ರವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸುಮಾರು ಮೂರೂವರೆ ಸಾವಿರಕ್ಕೆ ಕೊಂಡಿದ್ದೆ. ಬೇರೆ ಕಾರ್ಡ್ ಹಾಕಿ ನೋಡಬೇಕೆಂದು ಎಲ್ಲರೂ ಒತ್ತಾಯಿಸಿದ್ದರಿಂದ ಪಿಸಿಯ ಹಳೆಯ ಎಟಿಐ ಪಿಸಿಐ ಕಾರ್ಡಿಗೆ ಸಾವಿರದ ಚಿಲ್ಲರೆ ಸುರಿದದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತು. ಎಫ್‌ಕೋಡ್ (ಕಾರ್ಡಿನಲ್ಲೇ ಇರುವ ಚಾಲಕ ಪ್ರೋಗ್ರಾಂ) ಇಲ್ಲದ ಕಾರ್ಡನ್ನು ಓಪನ್‌ಬೂಟ್ (ಸನ್ ಯಂತ್ರ ಶುರುವಾಗುವಾಗ ಓಡುವ ಫರ್ಮ್‌ವೇರ್) ಕನ್ಸೋಲ್, ಅಂದರೆ ಯಂತ್ರದ ಮುಖ್ಯ ಪರದೆ, ಎಂದು ಒಪ್ಪುವುದೇ ಇಲ್ಲ.

ಕೀಬೋರ್ಡ್ ಇಲ್ಲದಿದ್ದರೆ ಈ ಯಂತ್ರ ಪರದೆಯ ಬದಲು ಸೀರಿಯಲ್ ಪೋರ್ಟಿನಲ್ಲಿ ಮಾತಾಡುತ್ತದೆ. ಕೀಬೋರ್ಡ್ ಕಿತ್ತು, 25 ಪಿನ್ನಿನ ಸೀರಿಯಲ್ ಎ ಪೋರ್ಟಿಗೆ ನಲ್ ಮೋಡೆಮ್ ಕೇಬಲ್ ಹಾಕಿ, 9600ರ ವೇಗದಲ್ಲಿ ಇನ್ನೊಂದು ಕಂಪ್ಯೂಟರಿನಿಂದ ನೋಡಿದಾಗ ಯಂತ್ರ ಜೀವಂತವಾಗಿಯೇ ಇತ್ತು. ಐಡಿಪ್ರಾಮ್ (ಅದೇ ಎನ್‌ವಿ-ರ‍್ಯಾಮ್‌ನಲ್ಲಿರುವ ಯಂತ್ರದ ಗುರುತಿನ ಮಾಹಿತಿ) ಸರಿಯಿಲ್ಲವೆಂಬ ದೂರು ಮೊದಲ ಸಾಲುಗಳಲ್ಲೇ ಬಂತು. ಪೂರ್ವನಿಯೋಜಿತ 1152×900, 66 ಹರ್ಟ್ಸ್ ಸಂಕೇತವನ್ನು ನನ್ನ ಮಾನಿಟರ್ ಒಪ್ಪುತ್ತಿರಲಿಲ್ಲ. ‘ಸೆಟ್‌ಎನ್ವ್ ಔಟ್‌ಪುಟ್-ಡಿವೈಸ್ ಸ್ಕ್ರೀನ್:ಆರ್1024ಎಕ್ಸ್768ಎಕ್ಸ್60’ ಎಂದು ಓಪನ್‌ಬೂಟ್‌ಗೆ ಕೊಟ್ಟರೆ ಸಾಕಿತ್ತು. ಆದರೆ ಸೀರಿಯಲ್ಲಿನಲ್ಲಿ ಬರೆದು, ವಿದ್ಯುತ್ ಆರಿಸಿ, ಕೀಬೋರ್ಡ್ ಸಿಕ್ಕಿಸುವಷ್ಟರಲ್ಲಿ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಓಪನ್‌ಬೂಟ್‌ಗೆ ಇಳಿಸುವ ಸ್ಟಾಪ್-ಎ ಕೀಲಿಗಳನ್ನು ಒತ್ತಿ, ಪರದೆ ಕಾಣದೆಯೇ ಆ ಸಾಲನ್ನೂ ‘ರಿಸೆಟ್-ಆಲ್’ ಅನ್ನೂ ಟೈಪ್ ಮಾಡಿದಾಗ ಚಿತ್ರ ಬಂತು, ಕರೆಂಟ್ ಹೋದೊಡನೆ ಅದೂ ಹೋಯಿತು. ಕರೆಂಟ್ ಆಗಾಗ ಹೋಗುವ ನಮ್ಮ ಬಡಾವಣೆಯಲ್ಲಿ ಅದು ನಡೆಯುವ ವ್ಯವಹಾರವಲ್ಲ.

ಆದ್ದರಿಂದ ಎನ್‌ವಿ-ರ‍್ಯಾಮ್ ಆಗಿರುವ ಎಂ48ಟಿ59 ಚಿಪ್ಪನ್ನು ಸಾಕೆಟ್‌ನಿಂದ ಎತ್ತಿ, ಮೇಲಿನ ಎಪಾಕ್ಸಿಯನ್ನು ಕೆರೆದು, ಸತ್ತ ಸೆಲ್ಲಿನ ಸಂಪರ್ಕವನ್ನು ಪೂರ್ತಿ ಕತ್ತರಿಸಿ, ಸಿಆರ್2032 ಹೋಲ್ಡರನ್ನು ಬೆಸುಗೆ ಹಾಕಿದೆ. ಹಳೆಯ ಸೆಲ್ಲನ್ನು ಬಿಡಿಸದೆ ಹೊಸದನ್ನು ಜೋಡಿಸಿದರೆ ಹೊಸದರ ಶಕ್ತಿಯನ್ನೂ ಅದು ಹೀರುತ್ತದೆ. ಖರ್ಚು ನೂರು ರೂಪಾಯಿಯೊಳಗೆ. ಒಳಗಿನ ತಂತಿಗೆ ಗಾಯವಾಗದಂತೆ ಎಲ್ಲಿಂದ ಕೆರೆಯಬೇಕೆಂಬ ಗುಟ್ಟನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಬಳಿಕ ‘ಎಂಕೆಪಿ’ ಎಂಬ ಓಪನ್‌ಬೂಟ್ ಆದೇಶದಿಂದ 08:00:20 ಎಂದು ಆರಂಭವಾಗುವ ಈಥರ್ನೆಟ್ ವಿಳಾಸವನ್ನು ಬರೆದು, ರೆಸಲ್ಯೂಷನ್ ಹೊಂದಿಸಿ, ವಾರವಿಡೀ ಪ್ಲಗ್ ಕಿತ್ತಿಟ್ಟು ನೋಡಿದೆ, ಎಲ್ಲವೂ ಉಳಿದಿತ್ತು. ಚಿಪ್ ಸುಟ್ಟಿದೆ ಎಂದವರನ್ನು ಮನೆಗೆ ಕರೆದು ತೋರಿಸಿದ್ದೇನೆ.

ಓಪನ್‌ಬೂಟ್‌ನಲ್ಲಿ ಹೊಂದಿಸಿದ್ದು ಕನ್ಸೋಲಿಗೆ ಮಾತ್ರ. ಸೋಲಾರಿಸ್‌ನ ಚಿತ್ರರೂಪದ ಪರದೆ ನಡೆಸುವ ಎಕ್ಸ್ ಸರ್ವರಿಗೆ ‘ಎಂ64ಕಾನ್ಫಿಗ್’ ಎಂಬ ಆದೇಶ ಬೇರೆಯೇ ಬೇಕು. ಅಲ್ಲಿ 24 ಬಿಟ್ ಬಣ್ಣವನ್ನೂ ಪ್ರಯೋಗಿಸಿದೆ. ಪ್ರತಿ ಚುಕ್ಕಿಗೆ 4 ಬೈಟ್ ಹಿಡಿದರೆ 1152×900 ಕಷ್ಟಪಟ್ಟು ವಿಡಿಯೊ ಚಿಪ್ಪಿನ 4 ಎಂಬಿ ಮೆಮೊರಿಯೊಳಗೆ ಕೂರುತ್ತದೆ, 1280×1024ಕ್ಕೆ ಸರಿಯಾಗಿ 5 ಎಂಬಿ ಬೇಕಾಗುತ್ತದೆ. ಆದ್ದರಿಂದ ನನ್ನ 4 ಎಂಬಿ ಚಿಪ್ಪಿನಲ್ಲಿ ಆ ಅಳತೆ ಬೇಕಾದಾಗ 8 ಬಿಟ್‌ಗೇ ಇಳಿಯುತ್ತೇನೆ.