ಔಷಧಿ ಹೊಡೆದ ವಾರ ಸಿಟ್ಟು ಯಾಕೆ? ಕ್ಯಾಲೆಂಡರ್‌ನಲ್ಲಿ ಹುಡುಕಿ

ಹಾಸನದ ಕಡೆ ಮೇ ತಿಂಗಳು ಬಂತೆಂದರೆ ಜಲಂಧರ್‌ನ ಆಲೂಗಡ್ಡೆ ಬೀಜ ಲಾರಿಯಲ್ಲಿ ಬಂದಿಳಿಯುತ್ತದೆ. ಬಿತ್ತನೆ ಮುಗಿದ ಮೇಲೆ ನಮ್ಮ ಚಿಕ್ಕಪ್ಪನ ಬೆನ್ನಿನಿಂದ ಪಂಪ್ ಇಳಿಯುತ್ತಲೇ ಇರಲಿಲ್ಲ. ಜಡಿಮಳೆ ಹಿಡಿದರೆ ಅಂಗಮಾರಿ ರೋಗದ ಭಯ, ಮಳೆ ಬಿಟ್ಟು ಹೊಳವಾದರೆ ಗಿಡದ ಹೇನಿನ ಕಾಟ. ಚಿಕ್ಕಮ್ಮ ಮಾತ್ರ ಹೇಳುತ್ತಿದ್ದರು: "ಔಷಧಿ ಹೊಡೆದ ವಾರ ಇವರ ಹತ್ರ ದುಡ್ಡಿನ ಮಾತೆತ್ತಬಾರದು." ನಾವು ನಗುತ್ತಿದ್ದೆವು. ಅದು ಬರೀ ಸ್ವಭಾವ ಅಲ್ಲದೇ ಇರಬಹುದು ಅಂತ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಹುಳಕ್ಕೆ ಹೊಡೆಯುವ ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್, ಮೊನೊಕ್ರೊಟೊಫಾಸ್ ಎಲ್ಲವೂ ಆರ್ಗನೋಫಾಸ್ಫೇಟ್ ಅನ್ನೋ ಒಂದೇ ಜಾತಿಯ ವಿಷಗಳು. ನಮ್ಮ ನರಗಳ ನಡುವೆ ಸುದ್ದಿ ಮುಟ್ಟಿಸುವ ಅಸಿಟೈಲ್‌ಕೋಲಿನ್ ಅನ್ನೋ ವಸ್ತು ಇದೆ. ಸುದ್ದಿ ಮುಟ್ಟಿದ ತಕ್ಷಣ ಅದನ್ನು ಅಳಿಸಿಹಾಕಲು ಒಂದು ಕಿಣ್ವ ಇದೆ. ಈ ಔಷಧಿಗಳು ಆ ಕಿಣ್ವದ ಕೈ ಕಟ್ಟಿಹಾಕುತ್ತವೆ. ಒತ್ತಿದ ಕಾಲಿಂಗ್ ಬೆಲ್ ಒಳಗೇ ಸಿಕ್ಕಿಕೊಂಡು ಬಡಿಯುತ್ತಲೇ ಇದ್ದ ಹಾಗೆ. ಹುಳ ಸಾಯುವುದು ಇದರಿಂದಲೇ. ನಮ್ಮ ಮೆದುಳಲ್ಲಿರುವುದೂ ಅದೇ ಬೆಲ್ಲು.

ಹಂತ 1: ತ್ರಿಕೋನ ನೋಡಿ, ಆದರೆ ಪೂರ್ತಿ ನಂಬಬೇಡಿ

ಡಬ್ಬಿಯ ಮೇಲಿನ ಕೆಂಪು ತ್ರಿಕೋನ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಈ ಬಣ್ಣ ಹೇಳುವುದು ಒಂದೇ ಸಲಕ್ಕೆ ಹೊಟ್ಟೆಗೋ ಮೈಗೋ ಹೋದರೆ ಎಷ್ಟು ಅಪಾಯ ಅನ್ನೋದನ್ನು. ಹತ್ತು ವರ್ಷ ಸ್ವಲ್ಪ ಸ್ವಲ್ಪವೇ ಸೇರಿದರೆ ತಲೆಗೆ ಏನಾಗುತ್ತದೆ ಅಂತ ಅದು ಹೇಳುವುದಿಲ್ಲ. ಉದಾಹರಣೆಗೆ, ಬಿತ್ತನೆಗೆ ಮುಂಚೆ ಹೆಂಗಸರು ಜಗುಲಿಯಲ್ಲಿ ಕೂತು ಬೀಜದ ಗೆಡ್ಡೆ ಹೋಳು ಮಾಡಿ, ಮ್ಯಾಂಕೋಜೆಬ್ ಅನ್ನೋ ಶಿಲೀಂಧ್ರನಾಶಕ ಕಲಸಿದ ನೀರಿಗೆ ಬರಿಗೈಯಲ್ಲಿ ಅದ್ದುತ್ತಾರೆ. ಮೊಣಕೈವರೆಗೆ ಹಳದಿ. ಅದೇ ಕೈಯಲ್ಲಿ ಎಲೆ ಅಡಿಕೆ. ಮ್ಯಾಂಕೋಜೆಬ್‌ನಲ್ಲಿ ಮ್ಯಾಂಗನೀಸ್ ಇದೆ. ಮ್ಯಾಂಗನೀಸ್ ಮೈಗೆ ಜಾಸ್ತಿ ಸೇರಿದರೆ ಪಾರ್ಕಿನ್ಸನ್ ಅನ್ನೋ ನರರೋಗದಂಥ ನಡುಕ, ಬಿಗಿತ ಬರಬಹುದು. ಕಳೆ ಸುಡಲು ಹೊಡೆಯುವ ಪ್ಯಾರಾಕ್ವಾಟ್‌ಗೂ ಪಾರ್ಕಿನ್ಸನ್‌ಗೂ ನಂಟು ಇರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಹಂತ 2: ಕ್ಯಾಲೆಂಡರ್ ಇಡಿ

ನನ್ನ ಲೆಕ್ಕದಲ್ಲಿ ಇದೇ ಮುಖ್ಯ. ಚಿಕ್ಕಮ್ಮನ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಡೇರಿಗೆ ಹಾಕಿದ ಹಾಲಿನ ಲೀಟರು ಇರುತ್ತಿತ್ತು. ಅದೇ ಚೌಕದ ಮೂಲೆಯಲ್ಲಿ ಹೊಡೆದ ದಿನ "ಔ" ಅಂತ ಬರೆದು, ಪಕ್ಕದಲ್ಲಿ ಔಷಧಿಯ ಹೆಸರು ಬರೆಯಲು ಶುರು ಮಾಡಿದರು. ನೀವೂ ಬರೆಯಿರಿ. ಮುಂದಿನ ಮೂರ್ನಾಲ್ಕು ದಿನ ತಲೆನೋವು, ನಿದ್ದೆಗೇಡು, ಸುಮ್ಸುಮ್ನೆ ರೇಗುವುದು, ಹೇಳಿದ್ದು ಮರೆಯುವುದು, ಮಂಕಾಗಿ ಕೂರುವುದು ಇದ್ದರೆ ಅದನ್ನೂ ಬರೆಯಿರಿ. ಹೊಡೆದವನಿಗೆ ಇದು ಗೊತ್ತಾಗುವುದಿಲ್ಲ. ಬಿಸಿಲಿಗೆ ಹೀಗಾಯ್ತು ಅಂತ ನಿಂಬೆ ಪಾನಕ ಕುಡಿದು ಮಲಗುತ್ತಾನೆ. ಹಾಗಾಗಿ ಬರೆಯುವ ಕೆಲಸ ಮನೆಯವರದ್ದು.

ಸಿಟ್ಟು ಬಂದವರಿಗೆಲ್ಲ ಔಷಧಿಯೇ ಕಾರಣ ಅಂತಲ್ಲ. ಸಾಲ, ಬೆಲೆ ಕುಸಿತ, ಕುಡಿತ ಎಲ್ಲವೂ ಇವೆ, ಅಲ್ವಾ? "ಔ" ಬಿದ್ದ ವಾರವೇ ಮತ್ತೆ ಮತ್ತೆ ಹೀಗಾದರೆ ಮಾತ್ರ ಅನುಮಾನಪಡಿ. ವಾಸನೆ ತಿಳಿಯದಿರುವುದು, ಅಕ್ಷರ ಚಿಕ್ಕದಾಗುತ್ತಾ ಹೋಗುವುದು, ನಡೆಯುವಾಗ ಒಂದು ಕೈ ಬೀಸದಿರುವುದು ಕಂಡರೆ ಅದು ಪಾರ್ಕಿನ್ಸನ್‌ನ ಮುನ್ಸೂಚನೆ ಇರಬಹುದು, ಮುಂದಿನ ಬೆಳೆವರೆಗೆ ಕಾಯದೆ ನರರೋಗ ತಜ್ಞರಿಗೆ ತೋರಿಸಿ.

ಹಂತ 3: ಬೆರೆಸುವಾಗಲೇ ಹುಷಾರು

ಎಲ್ಲರೂ ಮೂಗಿಗೆ ಟವೆಲ್ ಕಟ್ಟುತ್ತಾರೆ. ವಿಷ ಜಾಸ್ತಿ ಒಳಗೆ ಹೋಗುವುದು ಚರ್ಮದಿಂದ. ಅದರಲ್ಲೂ ಡಬ್ಬಿಯ ನೀರು ಬೆರೆಸದ ಗಟ್ಟಿ ಔಷಧಿ ಮುಚ್ಚಳದಲ್ಲಿ ಅಳೆದು ಡ್ರಮ್ಮಿಗೆ ಸುರಿಯುವ ಹೊತ್ತಿನಲ್ಲಿ. ಹಣೆ, ಕಿವಿ, ತೊಡೆಸಂದಿಯ ಚರ್ಮ ಮುಂಗೈಗಿಂತ ಎಷ್ಟೋ ಬೇಗ ಹೀರುತ್ತದೆ. ಪಂಪ್ ಸೋರಿ ಬೆನ್ನಿಂದ ಚಡ್ಡಿಗೆ ಇಳಿದ ನೀರು ಸಾಯಂಕಾಲದವರೆಗೆ ಅಲ್ಲೇ ಇರುತ್ತದೆ. ರಬ್ಬರ್ ಗ್ಲೌಸ್, ಉದ್ದ ತೋಳಿನ ಅಂಗಿ, ಬೂಟು ಹಾಕಿ. ಸೋರುವ ವಾಷರ್ ಮೊದಲು ಬದಲಾಯಿಸಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಕೆಲಸ ಮುಗಿದ ಕೂಡಲೇ ಸೋಪು ಹಾಕಿ ಸ್ನಾನ ಮಾಡಿ, ಬಟ್ಟೆ ಬೇರೆಯಾಗಿ ಒಗೆಯಿರಿ. ಬಸುರಿಯರನ್ನೂ ಮಕ್ಕಳನ್ನೂ ಈ ಕೆಲಸದಿಂದ ಪೂರ್ತಿ ದೂರ ಇಡಿ. ಗರ್ಭದಲ್ಲಿದ್ದಾಗ ಕ್ಲೋರ್‌ಪೈರಿಫಾಸ್ ತಗುಲಿದ ಮಕ್ಕಳಲ್ಲಿ ಬುದ್ಧಿಮಟ್ಟ, ಗಮನ ಕಡಿಮೆ ಇರುವುದು ಕಂಡುಬಂದಿದೆ.

ಹಂತ 4: ಹೊಲದಲ್ಲೇ ಬಿದ್ದರೆ

ಕಣ್ಣಿನ ಪಾಪೆ ಸಾಸಿವೆಯಷ್ಟಾಗಿದೆ, ಜೊಲ್ಲು ಸುರಿಯುತ್ತಿದೆ, ಮೈಯೆಲ್ಲ ಬೆವರು, ಎದೆ ಗೊರಗೊರ, ಮಾಂಸ ಅದುರುತ್ತಿದೆ ಎಂದರೆ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಅವರ ಬಟ್ಟೆ ಬಿಚ್ಚಿ, ಮೈ ತೊಳೆದು, ಎಡಮಗ್ಗುಲಿಗೆ ಮಲಗಿಸಿ. ಉಪ್ಪುನೀರು, ಸಗಣಿ ನೀರು ಕುಡಿಸಿ ವಾಂತಿ ಮಾಡಿಸುವುದು ಬೇಡವೇ ಬೇಡ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಿರಿ. ಆರ್ಗನೋಫಾಸ್ಫೇಟ್ ಆದರೆ ಅಟ್ರೋಪಿನ್ ಇಂಜೆಕ್ಷನ್ ಇದೆ, ಪ್ಯಾರಾಕ್ವಾಟ್‌ಗೆ ಪ್ರತಿವಿಷವೇ ಇಲ್ಲ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117. ಮಾರನೇ ದಿನ ಎದ್ದು ಕೂತರು ಅಂತ ಮನೆಗೆ ಕರೆತರಬೇಡಿ. ಒಂದರಿಂದ ನಾಲ್ಕು ದಿನದೊಳಗೆ ಕತ್ತು, ಉಸಿರಾಟದ ಸ್ನಾಯು ಸೋಲುವುದುಂಟು.

ಹಂತ 5: ಏಪ್ರಿಲ್‌ನಲ್ಲೇ ರಕ್ತ ಪರೀಕ್ಷೆ ಮಾಡಿಸಿ

ನರದ ಸುದ್ದಿ ಅಳಿಸುವ ಆ ಕಿಣ್ವ ರಕ್ತದಲ್ಲಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಕೋಲಿನೆಸ್ಟರೇಸ್ ಅನ್ನೋ ಪರೀಕ್ಷೆ ಹೇಳುತ್ತದೆ. ಒಬ್ಬೊಬ್ಬರದ್ದು ಒಂದೊಂದು ಮಟ್ಟ. ಹಾಗಾಗಿ ಸೀಸನ್‌ಗೆ ಮುಂಚೆ ಒಮ್ಮೆ, ನಡುವೆ ಒಮ್ಮೆ ಮಾಡಿಸಿ ಹೋಲಿಸಬೇಕು. ನಿಮ್ಮದೇ ಮೊದಲ ಅಂಕಿಗಿಂತ ಶೇ 20ರಷ್ಟು ಇಳಿದಿದ್ದರೆ ಎಲ್ಲೋ ಮೈಗೆ ಔಷಧಿ ಸೇರುತ್ತಿದೆ ಅಂತ ಅನುಮಾನಪಡಬೇಕು. ಕೆಂಪು ರಕ್ತಕಣದಲ್ಲಿ ಅದು ಮತ್ತೆ ತುಂಬಲು ಮೂರು ನಾಲ್ಕು ತಿಂಗಳು ಬೇಕು.

ಚಿಕ್ಕಪ್ಪನನ್ನು ಕರೆದುಕೊಂಡು ಹೋದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಏನು ಹೊಡೆದ್ರಿ, ಯಾವತ್ತು?" ಚಿಕ್ಕಪ್ಪ, "ಅಂಗಡಿಯವರು ಕೊಟ್ಟಿದ್ದು" ಅಂದರು. ಚಿಕ್ಕಮ್ಮ ಚೀಲದಿಂದ ಹಾಲಿನ ಕ್ಯಾಲೆಂಡರ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು.