ಗಾಯಗೊಂಡ ಹದ್ದು, ಗಿಡುಗ, ಗೂಬೆ ಸಿಕ್ಕರೆ

ಮುಟ್ಟುವ ಮೊದಲು ದೂರದಿಂದ ನೋಡಿ. ಮೈತುಂಬ ನಯವಾದ ತುಪ್ಪುಳವಿರುವ ಗೂಬೆ ಮರಿ ನೆಲದಲ್ಲಿ ಕೂತಿದ್ದರೆ ಅದು ಅನಾಥ ಎಂದುಕೊಳ್ಳಬೇಡಿ. ತಾಯಿ ಹತ್ತಿರದಲ್ಲೇ ಇರಬಹುದು. ರೆಕ್ಕೆ ಜೋತಿದ್ದರೆ, ರಕ್ತ ಕಂಡರೆ, ಬೆಕ್ಕು ಕಚ್ಚಿದ್ದರೆ ಮಾತ್ರ ಹಿಡಿಯಿರಿ. ಬೆಕ್ಕಿನ ಹಲ್ಲಿನ ಗಾಯ ಎಷ್ಟೇ ಚಿಕ್ಕದಾದರೂ ಸೋಂಕು ಬೇಗ ಏರುತ್ತದೆ, ಅದೇ ದಿನ ಔಷಧ ಬೀಳಬೇಕು.

ಹೆದರಬೇಕಾದ್ದು ಕೊಕ್ಕಿಗಿಂತ ಉಗುರಿಗೆ. ದಪ್ಪ ಕೈಗವಸು ಹಾಕಿ, ಹಿಂದಿನಿಂದ ತಲೆ ಸಮೇತ ಬಟ್ಟೆ ಮುಚ್ಚಿ, ರೆಕ್ಕೆಗಳನ್ನು ಮೈಗೆ ಒತ್ತಿ, ಕಾಲುಗಳನ್ನು ಭದ್ರವಾಗಿ ಹಿಡಿಯಿರಿ. ಕೈಗೆ ಉಗುರು ನಾಟಿದರೆ ಎಳೆಯಬೇಡಿ, ಹಿಡಿತ ಇನ್ನೂ ಬಿಗಿಯುತ್ತದೆ; ಹಕ್ಕಿಯ ಕಾಲನ್ನು ಮೆಲ್ಲಗೆ ನೇರ ಮಾಡಿದರೆ ಬೆರಳು ಸಡಿಲವಾಗುತ್ತವೆ.

ತಂತಿ ಪಂಜರ ಬೇಡವೇ ಬೇಡ, ಗರಿ ಮುರಿದರೆ ಹಾರಾಟಕ್ಕೇ ಕುತ್ತು. ಗಾಳಿತೂತುಗಳಿರುವ ರಟ್ಟಿನ ಪೆಟ್ಟಿಗೆ, ತಳಕ್ಕೆ ಹಳೆಯ ಬಟ್ಟೆ, ಕತ್ತಲೆ, ಮೌನ: ಇಷ್ಟು ಸಾಕು. ಪದೇಪದೇ ಇಣುಕಿ ನೋಡುವುದೂ, ಫೋಟೊ ತೆಗೆಯುವುದೂ ಹಿಂಸೆಯೇ.

ಬಾಯಿಗೆ ನೀರು ಹಾಕಬೇಡಿ. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಲು, ಬ್ರೆಡ್ ಕೂಡದು. ಬಹಳ ಹಸಿದ ಹಕ್ಕಿಗೆ ಒಮ್ಮೆಲೇ ಮಾಂಸ ತಿನ್ನಿಸಿದರೂ ಸಾಯಬಹುದು.

ಇನ್ನು ಕಾನೂನು. ಬಹುತೇಕ ದೇಶಗಳಲ್ಲಿ ಬೇಟೆಹಕ್ಕಿಗಳು ಸಂರಕ್ಷಿತ. ಪರವಾನಗಿಯಿಲ್ಲದೆ ಸಾಕುವುದು ಅಪರಾಧ, ಕೆಲವೆಡೆ ಗರಿ ಇಟ್ಟುಕೊಳ್ಳುವುದೂ ಕೂಡ. ಹಾಗಾಗಿ ಹಿಡಿದ ಕೂಡಲೇ ವನ್ಯಜೀವಿ ಅಧಿಕಾರಿಗಳಿಗೋ ಪರವಾನಗಿ ಪಡೆದ ಪುನರ್ವಸತಿ ಕೇಂದ್ರಕ್ಕೋ ಫೋನ್ ಮಾಡಿ. ಸಿಕ್ಕ ಜಾಗ, ಸಮಯ ಬರೆದಿಡಿ: ಗುಣವಾದ ಹಕ್ಕಿಯನ್ನು ಸಾಧ್ಯವಾದಷ್ಟು ಅಲ್ಲಿಯೇ ಬಿಡಬೇಕಾಗುತ್ತದೆ. ಗುಂಡೇಟು, ವಿಷದ ಅನುಮಾನವಿದ್ದರೆ ಸುತ್ತಲಿನ ಯಾವುದನ್ನೂ ಮುಟ್ಟದೆ ಅದನ್ನೂ ತಿಳಿಸಿ.